ದೂರಸ್ಥ ತಾಣದಲ್ಲಿ ವರ್ಚುಯಲ್ ಯಂತ್ರಗಳ ಪುನಶ್ಚೇತನ: ಸ್ಟೋರೇಜ್ ಸ್ನ್ಯಾಪ್‌ಶಾಟ್‌ಗಳ ನೆಲೆಯಿಂದ ಒಂದು ವಿವೇಚನೆ

2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಿ, ಆ ಕಾರ್ಯ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗಳ ಮಾನ್ಯತೆಯನ್ನು ರದ್ದುಪಡಿಸಿತು. ಗಣಕದಲ್ಲಿರುವುದು ಅಲ್ಲಿಯವರೆಗೆ ಕಾಗದದ ಪ್ರತಿ. ಅಲ್ಲಿಂದ ಮುಂದೆ ಅದೇ ಮೂಲ. ಆಡಳಿತ, ನ್ಯಾಯಾಂಗ, ಬ್ಯಾಂಕು, ಗ್ರಂಥಾಲಯ ಎಲ್ಲೆಡೆಯೂ ಈ ಸ್ಥಿತ್ಯಂತರ ನಡೆದಿದೆ. ಮೂಲವೇ ವಿದ್ಯುನ್ಮಾನ ರೂಪದಲ್ಲಿದ್ದಾಗ ಅದನ್ನು ಇಟ್ಟಿರುವ ಕಟ್ಟಡ ಬೆಂಕಿಗೋ ನೆರೆಗೋ ತುತ್ತಾದರೆ ಗತಿಯೇನು ಎಂಬ ಪ್ರಶ್ನೆಗೆ ‘ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇದೆ’ ಎಂಬುದು ವಾಡಿಕೆಯ ಉತ್ತರ. ಆ ಪ್ರತಿಯಿಂದ ಕೆಲಸವನ್ನು ಮತ್ತೆ ಆರಂಭಿಸುವುದು ಬೇರೆಯೇ ವಿಷಯ.

ಈ ಅಂತರದ ಬೆಲೆಯನ್ನು ತೋರಿಸಿಕೊಟ್ಟ ಇತ್ತೀಚಿನ ನಿದರ್ಶನ ಲಂಡನ್ನಿನ ಬ್ರಿಟಿಷ್ ಲೈಬ್ರರಿ. 2023ರ ಅಕ್ಟೋಬರ್ ಕೊನೆಯಲ್ಲಿ ನಡೆದ ಸುಲಿಗೆ ತಂತ್ರಾಂಶದ ದಾಳಿಯಲ್ಲಿ ಅದರ ಅನೇಕ ಸರ್ವರ್‌ಗಳು ನಾಶವಾದವು. ಗ್ರಂಥಸೂಚಿಯೂ ಸೇರಿದಂತೆ ಹಲವು ಸೇವೆಗಳು ತಿಂಗಳುಗಟ್ಟಲೆ ದೊರೆಯಲಿಲ್ಲ. 2024ರ ಮಾರ್ಚ್‌ನಲ್ಲಿ ಸಂಸ್ಥೆಯೇ ಪ್ರಕಟಿಸಿದ ವರದಿಯ ಪ್ರಕಾರ ಅದರ ಡಿಜಿಟಲ್ ಸಂಗ್ರಹಗಳ ಸುರಕ್ಷಿತ ಪ್ರತಿಗಳು ಇದ್ದವು. ಆದರೆ ಅವುಗಳನ್ನು ಮರಳಿ ಸ್ಥಾಪಿಸಲು ಯೋಗ್ಯವಾದ ಗಣಕ ವ್ಯವಸ್ಥೆ ಉಳಿದಿರಲಿಲ್ಲ. ಪುಸ್ತಕಗಳು ಸುರಕ್ಷಿತವಾಗಿದ್ದು ಗ್ರಂಥಾಲಯವೇ ಇಲ್ಲದಂತಹ ಸ್ಥಿತಿ ಅದು. ಇದಕ್ಕೆ ವ್ಯತಿರಿಕ್ತವಾದ ಪ್ರಸಂಗ ದಕ್ಷಿಣ ಕೊರಿಯಾದ ಡೇಜಾನ್ ನಗರದ್ದು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಬಿದ್ದಾಗ ಸರ್ಕಾರಿ ನೌಕರರು ಬಳಸುತ್ತಿದ್ದ ಸಂಗ್ರಹವೊಂದರ 858 ಟೆರಾಬೈಟ್ ದತ್ತಾಂಶ ಹೊರಗೆ ಪ್ರತಿಯೇ ಇಲ್ಲದೆ ನಾಶವಾಯಿತು.

ಒಂದೇ ಗಣಕದಲ್ಲಿ ಹಲವು ಗಣಕಗಳ ಭಾಸವನ್ನು ಉಂಟುಮಾಡುವ ವಿದ್ಯೆ ಹೊಸದಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ಇದನ್ನು ಸಾಧಿಸಿ 1972ರಲ್ಲಿ ‘ವಿಎಂ/370’ ಎಂಬ ಹೆಸರಿನಲ್ಲಿ ಹೊರತಂದಿತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ ಅದನ್ನು ಸಾಮಾನ್ಯ ಸರ್ವರ್‌ಗಳಿಗೆ ತಂದಿತು. ಅದರ ‘ಇಎಸ್‌ಎಕ್ಸ್’ 2001ರಲ್ಲಿ ಬಳಕೆಗೆ ಬಂದಿತು. ಇಲ್ಲಿ ಮುಖ್ಯವಾದುದು ಒಂದೇ ಅಂಶ: ವರ್ಚುಯಲ್ ಯಂತ್ರವೆಂದರೆ ಕೆಲವು ಕಡತಗಳ ಸಮೂಹ. ಅದರ ಸ್ವರೂಪವನ್ನು ವಿವರಿಸುವ ‘ವಿಎಂಎಕ್ಸ್’ ಕಡತ ಒಂದು, ಅದರ ಡಿಸ್ಕುಗಳಾಗಿರುವ ‘ವಿಎಂಡಿಕೆ’ ಕಡತಗಳು ಕೆಲವು. ಸರ್ವರ್ ಎಂಬುದೇ ಕಡತವಾದ ಮೇಲೆ ಅದನ್ನು ಪ್ರತಿ ಮಾಡಬಹುದು, ದೂರಕ್ಕೆ ಕಳುಹಿಸಬಹುದು, ಬೇರೊಂದು ಯಂತ್ರಾಂಶದ ಮೇಲೆ ಎಬ್ಬಿಸಬಹುದು.

ಕಡತವೆಂಬ ಪದವೇ ಇಲ್ಲೊಂದು ಹೋಲಿಕೆಯನ್ನು ಒದಗಿಸುತ್ತದೆ. ಹಿಂದೆ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಕಡತವೆಂದರೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲನ್ನು ಲೇಪಿಸಿ ಮಡಿಕೆ ಹಾಕಿದ ಬಟ್ಟೆ. ಅದರ ಮೇಲೆ ಬಳಪದಿಂದ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ತಾಳೆಗರಿಯಲ್ಲಿ ಕಂಟದಿಂದ ಕೊರೆದದ್ದನ್ನು ಹಾಗೆ ಅಳಿಸಲಾಗದು; ತಿದ್ದುಪಡಿ ಬೇಕಾದರೆ ಹೊಸ ಗರಿಯೇ ಬೇಕು. ಸಾಂಪ್ರದಾಯಿಕ ಡಿಸ್ಕ್ ವ್ಯವಸ್ಥೆ ಮೊದಲನೆಯ ಬಗೆಯದು. 1994ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ನೆಟ್‌ಆ್ಯಪ್ ಸಂಸ್ಥೆಯ ಡೇವ್ ಹಿಟ್ಜ್, ಜೇಮ್ಸ್ ಲಾವ್, ಮೈಕೆಲ್ ಮಾಲ್ಕಮ್ ವಿವರಿಸಿದ ‘ವಾಫಲ್’ ಕಡತ ವ್ಯವಸ್ಥೆ ಎರಡನೆಯ ಬಗೆಯದು. ಅದರಲ್ಲಿ ಬದಲಾದ ತುಣುಕು ಹಳೆಯದರ ಮೇಲೆ ಬೀಳದೆ ಹೊಸ ಜಾಗದಲ್ಲಿ ಬರೆಯಲ್ಪಡುತ್ತದೆ. ಆದ್ದರಿಂದ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಕೊಳ್ಳಲು ದತ್ತಾಂಶವನ್ನೆಲ್ಲ ನಕಲು ಮಾಡಬೇಕಿಲ್ಲ. ಆ ಕ್ಷಣದಲ್ಲಿ ಯಾವ ತುಣುಕು ಎಲ್ಲಿದೆ ಎಂಬ ಸೂಚಿಯ ಮೂಲವನ್ನು ಕಾದಿರಿಸಿದರೆ ಸಾಕು. ಸ್ನ್ಯಾಪ್‌ಶಾಟ್ ಎಂದರೆ ಇದೇ. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಬದಲಾದ ತುಣುಕುಗಳನ್ನಷ್ಟೇ ದೂರಸ್ಥ ತಾಣಕ್ಕೆ ಕಳುಹಿಸುವ ಕ್ರಮವೂ ಇದರಿಂದಲೇ ಸಾಧ್ಯವಾಯಿತು. ಸ್ನ್ಯಾಪ್‌ಶಾಟ್ ಮೂಲ ಡಿಸ್ಕಿನಲ್ಲಿಯೇ ಇರುವವರೆಗೆ ಅದು ರಕ್ಷಣೆಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಡಿಸ್ಕ್ ಹೋದರೆ ಎರಡೂ ಹೋದಂತೆ.

ಕಳುಹಿಸುವ ದಾರಿಯ ಲೆಕ್ಕವನ್ನು ಅನೇಕ ಸಂಸ್ಥೆಗಳು ಮೊದಲೇ ಮಾಡುವುದಿಲ್ಲ. ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದು, ಅದು ತಲುಪಲು 20 ನಿಮಿಷ ಹಿಡಿಯುವುದೆಂದು ಭಾವಿಸೋಣ. 11 ಗಂಟೆಯದು ಇನ್ನೂ ದಾರಿಯಲ್ಲಿರುವಾಗ, 11.19ಕ್ಕೆ, ಮೂಲ ತಾಣ ನಾಶವಾದರೆ ಕೈಯಲ್ಲಿ ಉಳಿಯುವುದು 10 ಗಂಟೆಯ ಸ್ಥಿತಿ. ನಷ್ಟ 1 ಗಂಟೆಯದಲ್ಲ, 79 ನಿಮಿಷದ್ದು. ಗಂಟೆಗೆ 50 ಗಿಗಾಬೈಟ್ ಬದಲಾಗುವ ದತ್ತಾಂಶವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಕಳುಹಿಸಲು ಸುಮಾರು 67 ನಿಮಿಷ ಬೇಕು. ಅಂದರೆ ದೂರಸ್ಥ ಪ್ರತಿ ಪ್ರತಿ ಗಂಟೆಗೂ ಇನ್ನಷ್ಟು ಹಿಂದೆ ಬೀಳುತ್ತದೆ. ಅದೇ ದಾರಿಯಲ್ಲಿ 20 ಟೆರಾಬೈಟ್‌ನ ಮೊದಲ ಪೂರ್ಣ ಪ್ರತಿಗೆ ಸುಮಾರು 18 ದಿನಗಳು ಬೇಕಾಗುತ್ತವೆ. ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ವಾಹನದಲ್ಲಿ ಸಾಗಿಸುವ ಪದ್ಧತಿ ಇಂದಿಗೂ ಉಳಿದಿರುವುದು ಈ ಕಾರಣದಿಂದ. ಪ್ರತಿ ಬರಹವನ್ನೂ ಎರಡೂ ಕಡೆ ಒಮ್ಮೆಲೇ ದಾಖಲಿಸುವ ವಿಧಾನದಲ್ಲಿ ನಷ್ಟವಿಲ್ಲವಾದರೂ, ಗಾಜಿನ ತಂತುವಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಮಾತ್ರ ಸಾಗುವುದರಿಂದ ದೂರ ಹೆಚ್ಚಿದಂತೆ ಪ್ರತಿ ಬರಹವೂ ನಿಧಾನವಾಗುತ್ತದೆ.

ಸ್ನ್ಯಾಪ್‌ಶಾಟ್‌ನಲ್ಲಿ ಡಿಸ್ಕಿನ ಸ್ಥಿತಿ ಇರುತ್ತದೆಯೇ ಹೊರತು ಯಂತ್ರದ ಸ್ಮೃತಿಯಲ್ಲಿದ್ದದ್ದು ಇರುವುದಿಲ್ಲ. ಅದರಿಂದ ಎದ್ದ ಯಂತ್ರಕ್ಕೆ ತನ್ನ ವಿದ್ಯುತ್ ಹಠಾತ್ತನೆ ಕಡಿತಗೊಂಡಿತ್ತೆಂದೇ ತೋರುತ್ತದೆ. ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದು ಆಮೇಲೆ ಸ್ವಸ್ಥಾನದಲ್ಲಿ ಬರೆಯುವ ದತ್ತಸಂಚಯಗಳು ಇಂತಹ ಆಘಾತವನ್ನು ತಾಳಬಲ್ಲವು, ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ವಿಧಾನ ಇದರ ಪ್ರಸಿದ್ಧ ನಿರೂಪಣೆ. ಆದರೆ ಒಂದು ಷರತ್ತಿದೆ: ಬರಹಗಳ ಕ್ರಮ ಕೆಡಬಾರದು. ದತ್ತಾಂಶ ಒಂದು ವಾಲ್ಯೂಮಿನಲ್ಲಿ, ದಿನಚರಿ ಇನ್ನೊಂದರಲ್ಲಿ ಇದ್ದು ಎರಡರ ಸ್ನ್ಯಾಪ್‌ಶಾಟ್‌ಗಳನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ತೆಗೆದಿದ್ದರೂ, ದಿನಚರಿಗೆ ತಿಳಿಯದ ಬದಲಾವಣೆ ದತ್ತಾಂಶದಲ್ಲಿ ಕಾಣಿಸಿಕೊಂಡು ದುರಸ್ತಿ ಅಸಾಧ್ಯವಾಗಬಹುದು. ಪರಸ್ಪರ ಅವಲಂಬಿಸಿದ ವಾಲ್ಯೂಮುಗಳನ್ನು ಒಂದೇ ಗುಂಪಾಗಿಸಿ ಏಕಕಾಲದಲ್ಲಿ ಸ್ನ್ಯಾಪ್‌ಶಾಟ್ ತೆಗೆಯಬೇಕೆಂಬ ನಿಯಮದ ಹಿಂದಿನ ತರ್ಕ ಇದು. ವಿಂಡೋಸ್‌ನ ‘ವಿಎಸ್‌ಎಸ್’ನಂತಹ ಸೌಲಭ್ಯಗಳ ಮೂಲಕ ಅನ್ವಯ ತಂತ್ರಾಂಶವನ್ನು ಕ್ಷಣಕಾಲ ತಡೆದು ಸ್ನ್ಯಾಪ್‌ಶಾಟ್ ತೆಗೆಯುವುದು ಇನ್ನೂ ಶುದ್ಧವಾದ ಕ್ರಮ, ಪ್ರತಿ ಗಂಟೆಗೂ ಅದನ್ನು ಮಾಡುವುದು ಮಾತ್ರ ಎಲ್ಲ ವ್ಯವಸ್ಥೆಗಳಿಗೂ ಸಹ್ಯವಲ್ಲ.

ದೂರಸ್ಥ ತಾಣದಲ್ಲಿ ಪ್ರತಿ ಓದಲು ಮಾತ್ರ ಲಭ್ಯವಿರುತ್ತದೆ. ನಿಜವಾದ ವಿಪತ್ತಿನಲ್ಲಿ ಮೂಲದೊಂದಿಗಿನ ಸಂಬಂಧವನ್ನು ಕಡಿದು ಅದನ್ನು ಬರೆಯಬಲ್ಲ ವಾಲ್ಯೂಮಾಗಿ ಪರಿವರ್ತಿಸಬೇಕು. ಪರೀಕ್ಷೆಗಾದರೆ ಸಂಬಂಧ ಕಡಿಯದೆ ಸ್ನ್ಯಾಪ್‌ಶಾಟ್‌ನಿಂದ ಒಂದು ಕ್ಲೋನ್ ತೆಗೆಯುವುದು ಲೇಸು. ಆ ವಾಲ್ಯೂಮನ್ನು ಅಲ್ಲಿನ ಸರ್ವರ್‌ಗೆ ತೋರಿಸಿದ ಕೂಡಲೇ ಯಂತ್ರಗಳು ಕಾಣಿಸುತ್ತವೆ ಎಂದು ಹೊಸಬರು ನಿರೀಕ್ಷಿಸುತ್ತಾರೆ. ಆದರೆ ಏನೂ ಕಾಣಿಸುವುದಿಲ್ಲ. ವಿಎಂವೇರ್‌ನ ‘ವಿಎಂಎಫ್‌ಎಸ್’ ಕಡತ ವ್ಯವಸ್ಥೆ ತಾನಿರುವ ಡಿಸ್ಕಿನ ಗುರುತನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಒಳಗಿನ ಗುರುತಿಗೂ ಹೊಸ ಡಿಸ್ಕಿಗೂ ತಾಳೆಯಾಗದಿದ್ದಾಗ ಸರ್ವರ್ ಅದನ್ನು ನಕಲೆಂದು ಭಾವಿಸಿ ದೂರವಿಡುತ್ತದೆ. ಒಂದೇ ಗುರುತಿನ ಎರಡು ವಾಲ್ಯೂಮುಗಳು ಎದುರಾದರೆ ಒಂದಕ್ಕೆ ಹೋಗಬೇಕಾದ ಬರಹ ಇನ್ನೊಂದಕ್ಕೆ ಹೋದೀತೆಂಬ ಎಚ್ಚರಿಕೆ ಇದು, ದೋಷವಲ್ಲ.

ಇಲ್ಲಿ ಎರಡು ದಾರಿಗಳಿವೆ. ಹಳೆಯ ಗುರುತನ್ನೇ ಉಳಿಸಿ ಜೋಡಿಸಬಹುದು; ಮೂಲ ವಾಲ್ಯೂಮು ಅದೇ ಸರ್ವರ್‌ಗೆ ಕಾಣಿಸದಿದ್ದಾಗ ಮಾತ್ರ ಇದು ಸಾಧ್ಯ. ಇಲ್ಲವೇ ಹೊಸ ಗುರುತನ್ನು ಬರೆಯಬಹುದು. ಆಗ ವಾಲ್ಯೂಮಿನ ಹೆಸರಿಗೆ ‘ಸ್ನ್ಯಾಪ್’ ಎಂಬ ಪೂರ್ವಪದವೂ ಸಂಖ್ಯೆಯೊಂದೂ ಸೇರುತ್ತವೆ, ಮತ್ತು ಈ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಲಾಗದು. ಗುರುತು ಬದಲಾದ ಮೇಲೆ ಪ್ರತಿಯೊಂದು ಯಂತ್ರದ ವಿಎಂಎಕ್ಸ್ ಕಡತವನ್ನು ಹುಡುಕಿ ಹೊಸದಾಗಿ ನೋಂದಾಯಿಸಬೇಕು. ಯಂತ್ರದ ಒಂದು ಡಿಸ್ಕ್ ಬೇರೆ ವಾಲ್ಯೂಮಿನಲ್ಲಿದ್ದರೆ ಹಳೆಯ ಗುರುತನ್ನೇ ಹೊತ್ತ ಅದರ ವಿಳಾಸವನ್ನೂ ತಿದ್ದಬೇಕು. ಎನ್‌ಎಫ್‌ಎಸ್ ಮೂಲಕ ಒದಗಿಸಿದ ಸಂಗ್ರಹದಲ್ಲಿ ಈ ಗುರುತಿನ ತೊಡಕಿಲ್ಲ.

ಯಂತ್ರವನ್ನು ಚಾಲೂ ಮಾಡುವಾಗ ಕೇಳಲಾಗುವ ಪ್ರಶ್ನೆಯೊಂದು ಚಿಕ್ಕದಾಗಿ ಕಂಡರೂ ದೂರಗಾಮಿಯಾದುದು: ಇದನ್ನು ಸ್ಥಳಾಂತರಿಸಲಾಗಿದೆಯೇ, ನಕಲು ಮಾಡಲಾಗಿದೆಯೇ? ನಕಲೆಂದರೆ ಯಂತ್ರಕ್ಕೆ ಹೊಸ ಗುರುತು, ಹೊಸ ಜಾಲ ವಿಳಾಸ ಸಿಗುತ್ತವೆ. ಅವುಗಳಿಗೆ ಕಟ್ಟಿದ ಪರವಾನಗಿಗಳೂ ಜಾಲದ ಹೊಂದಾಣಿಕೆಗಳೂ ಮುರಿಯುತ್ತವೆ. ಮೂಲ ಯಂತ್ರ ಇಲ್ಲವಾದ ಮೇಲೆ ಎಬ್ಬಿಸುವುದು ಸ್ಥಳಾಂತರವೇ ಸರಿ. ಮೂಲ ಇನ್ನೂ ನಡೆಯುತ್ತಿರುವಾಗಿನ ಪರೀಕ್ಷೆಯನ್ನು ಹೊರಜಗತ್ತಿಗೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಲದಲ್ಲೇ ನಡೆಸಬೇಕು. ಎಬ್ಬಿಸುವ ಅನುಕ್ರಮವೂ ಮುಖ್ಯ: ಹೆಸರು ಮತ್ತು ಬಳಕೆದಾರರ ಪರಿಚಯ ಹೇಳುವ ಸರ್ವರ್‌ಗಳು ಮೊದಲು, ದತ್ತಸಂಚಯ ಅನಂತರ, ಓದುಗರಿಗೆ ಕಾಣುವ ಸೇವೆ ಕೊನೆಗೆ. ಗ್ರಂಥಾಲಯವೊಂದರಲ್ಲಿ ಕೋಹಾ ಅಥವಾ ಡಿಸ್ಪೇಸ್ ತಂತ್ರಾಂಶವನ್ನು ಅದರ ದತ್ತಸಂಚಯಕ್ಕಿಂತ ಮೊದಲೇ ಎಬ್ಬಿಸಿದರೆ ದೊರೆಯುವುದು ದೋಷಸೂಚನೆ ಮಾತ್ರ.

ಸುಲಿಗೆ ತಂತ್ರಾಂಶ ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸಿದೆ. ಬೆಂಕಿ ದೂರದ ಪ್ರತಿಯನ್ನು ಸುಡುವುದಿಲ್ಲ. ಆದರೆ ಮೂಲದಲ್ಲಿ ಗೂಢಲಿಪಿಯಾಗಿ ಕೆಟ್ಟ ದತ್ತಾಂಶವನ್ನು ಪ್ರತಿ ಮಾಡುವ ವ್ಯವಸ್ಥೆಯೇ ನಿಷ್ಠೆಯಿಂದ ದೂರಸ್ಥ ತಾಣಕ್ಕೂ ಕೊಂಡೊಯ್ಯುತ್ತದೆ. ಆದ್ದರಿಂದ ದೂರದಲ್ಲಿ ಇತ್ತೀಚಿನ ಒಂದು ಪ್ರತಿ ಮಾತ್ರವಲ್ಲ, ಹಲವು ವಾರಗಳ ಹಳೆಯ ಸ್ನ್ಯಾಪ್‌ಶಾಟ್‌ಗಳೂ ಬೇಕು. ಮೂಲ ತಾಣದ ಆಡಳಿತಾಧಿಕಾರದಿಂದ ಅವನ್ನು ಅಳಿಸಲು ಬರಬಾರದು.

ಪರೀಕ್ಷೆಯ ವಿಷಯದಲ್ಲಿ ಭಾರತದ ಷೇರು ಮಾರುಕಟ್ಟೆಗಳ ಅನುಭವ ಗಮನಾರ್ಹ. 2021ರ ಫೆಬ್ರುವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಗಂಟೆಗಟ್ಟಲೆ ನಿಂತಾಗಲೂ ದೂರಸ್ಥ ತಾಣಕ್ಕೆ ಬದಲಾಯಿಸಲಿಲ್ಲ. ಮರುತಿಂಗಳು ಸೆಬಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಿಪತ್ತನ್ನು 30 ನಿಮಿಷಗಳೊಳಗೆ ಘೋಷಿಸಿ, ಘೋಷಣೆಯಿಂದ 45 ನಿಮಿಷಗಳೊಳಗೆ ಕೆಲಸ ಪುನರಾರಂಭಿಸಬೇಕು. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ನೈಜ ವಹಿವಾಟನ್ನೇ ದಿನದ ನಡುವೆ ವಿಪತ್ತು ತಾಣಕ್ಕೆ ವರ್ಗಾಯಿಸಿ ಪರೀಕ್ಷಿಸಲಾಯಿತು. ಘೋಷಣೆಗೆ ಪ್ರತ್ಯೇಕ ಗಡುವು ವಿಧಿಸಿದ್ದು ವಿವೇಕದ ಕ್ರಮ. ತಾಂತ್ರಿಕ ಕೆಲಸಕ್ಕಿಂತ ‘ಬದಲಾಯಿಸೋಣವೇ, ಕಾಯೋಣವೇ’ ಎಂಬ ನಿರ್ಧಾರಕ್ಕೇ ಹೆಚ್ಚು ಹೊತ್ತು ಹಿಡಿಯುವುದುಂಟು.

ಮರಳಿ ಹೋಗುವ ಹಾದಿಯನ್ನು ಯೋಜನೆಗಳು ಹೆಚ್ಚಾಗಿ ಮರೆಯುತ್ತವೆ. ದೂರಸ್ಥ ತಾಣದಲ್ಲಿ ಹತ್ತು ದಿನ ಕೆಲಸ ನಡೆದರೆ ಆ ಹತ್ತು ದಿನಗಳ ದಾಖಲೆಗಳು ಅಲ್ಲಿ ಮಾತ್ರ ಇರುತ್ತವೆ. ದುರಸ್ತಿಯಾದ ಮೂಲ ತಾಣಕ್ಕೆ ಅವನ್ನು ವಿರುದ್ಧ ದಿಕ್ಕಿನಲ್ಲಿ ಕಳುಹಿಸಬೇಕು. ಎರಡೂ ಕಡೆ ಒಂದಾದರೂ ಸಾಮಾನ್ಯ ಸ್ನ್ಯಾಪ್‌ಶಾಟ್ ಉಳಿದಿದ್ದರೆ ವ್ಯತ್ಯಾಸವನ್ನಷ್ಟೇ ಕಳುಹಿಸಿದರೆ ಸಾಕು. ಜಾಗ ಸಾಲದೆಂದು ಯಾರಾದರೂ ಆ ನಡುವೆ ಅದನ್ನು ಅಳಿಸಿದ್ದರೆ ಮತ್ತೆ ಪೂರ್ಣ ಪ್ರತಿಯೇ ಆಗಬೇಕು, ಅದೇ 18 ದಿನಗಳು.