ವಿದೇಶಕ್ಕೆ ಹೊರಡುವ ಮುನ್ನ ಬ್ಯಾಂಕ್ ಕಾರ್ಡ್ ಸಿದ್ಧವಿದೆಯೇ?

ಗಂಗೊಳ್ಳಿ, ಶಿರೂರು, ಬಾರ್ಕೂರು – ಯಾವ ಊರಿನಿಂದ ಬಂದವರಾದರೂ ನಮ್ಮಲ್ಲಿ ಅನೇಕರ ಮನೆಯವರೋ ನೆಂಟರೋ ಗಲ್ಫ್‌ನಲ್ಲಿದ್ದಾರೆ. ರಜೆಯಲ್ಲಿ ದುಬೈಗೆ ಹೋಗುವವರಿದ್ದಾರೆ, ಉಮ್ರಾಕ್ಕೆ ಹೊರಡುವ ಹಿರಿಯರಿದ್ದಾರೆ. ಪಾಸ್‌ಪೋರ್ಟ್, ಟಿಕೆಟ್‌ಗಳನ್ನು ಹತ್ತು ಸಲ ನೋಡಿಕೊಳ್ಳುವ ನಾವು ಎ.ಟಿ.ಎಂ. ಕಾರ್ಡಿನ ವಿಚಾರ ಮಾತ್ರ ಮರೆತುಬಿಡುತ್ತೇವೆ. ಊರಿನಲ್ಲಿ ಸರಾಗವಾಗಿ ನಡೆಯುವ ಕಾರ್ಡ್ ಅಲ್ಲಿ ನಡೆಯದೇ ಹೋದರೆ, ಖಾತೆಯಲ್ಲಿ ಹಣವಿದ್ದೂ ಕೈ ಬರಿದು.

ಹೀಗಾಗಲು ಮುಖ್ಯ ಕಾರಣವೊಂದಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ, ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎ.ಟಿ.ಎಂ. ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಕಳ್ಳರ ಕೈಗೆ ಹಣ ಹೋಗದಿರಲೆಂದು ಈ ಏರ್ಪಾಡು. ವಿದೇಶದಲ್ಲಿ ಬಳಸಬೇಕಾದರೆ ಆ ಸೌಲಭ್ಯವನ್ನು ನಾವೇ ‘ಆನ್’ ಮಾಡಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಇದು ಎರಡು ನಿಮಿಷದ ಕೆಲಸ. ಎಷ್ಟು ಹಣದವರೆಗೆ ಬಳಸಬಹುದೆಂಬ ಮಿತಿಯನ್ನೂ ಅಲ್ಲಿಯೇ ಹಾಕಬಹುದು. ರುಪೇ ಕಾರ್ಡುಗಳಲ್ಲಿ ದೇಶದೊಳಗೆ ಮಾತ್ರ ನಡೆಯುವವೂ ಇವೆ. ನಿಮ್ಮದು ಯಾವುದೆಂದು ಬ್ಯಾಂಕಿನಲ್ಲಿ ಕೇಳಿ. ಒ.ಟಿ.ಪಿ. ಬರಬೇಕಾದರೆ ಬ್ಯಾಂಕಿಗೆ ಕೊಟ್ಟ ಸಿಮ್‌ಗೆ ರೋಮಿಂಗ್ ಇರಬೇಕು ಎಂಬುದೂ ನೆನಪಿರಲಿ.

ಇನ್ನು ಖರ್ಚಿನ ಲೆಕ್ಕ. ದಿರ್ಹಮ್‌ಗೆ 24 ರೂಪಾಯಿ ಎಂದಿಟ್ಟುಕೊಳ್ಳಿ. 100 ದಿರ್ಹಮ್‌ನ ಸಾಮಾನು ಕೊಂಡರೆ 2,400 ರೂಪಾಯಿ. ಬ್ಯಾಂಕು ಶೇ. 3.5 ವಿನಿಮಯ ಶುಲ್ಕ ಹಾಕುವುದಾದರೆ ಅದು 84 ರೂಪಾಯಿ. ಆ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ. 15 ರೂಪಾಯಿ 12 ಪೈಸೆ. ಒಟ್ಟು ಸುಮಾರು 2,499 ರೂಪಾಯಿ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ, ಕಾರ್ಡಿನಿಂದ ಕಾರ್ಡಿಗೆ ಬೇರೆ, ಮೊದಲೇ ತಿಳಿದುಕೊಳ್ಳಿ. ಎ.ಟಿ.ಎಂ.ನಲ್ಲಿ ಪ್ರತಿ ಸಲವೂ ಬೇರೆ ಶುಲ್ಕ ಬೀಳಬಹುದಾದ್ದರಿಂದ, ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವುದಕ್ಕಿಂತ ಬೇಕಾದಷ್ಟನ್ನು ಒಮ್ಮೆಗೇ ತೆಗೆಯುವುದು ಲೇಸು.

ಕೆಲವೊಮ್ಮೆ ಯಂತ್ರವೇ ಕೇಳುತ್ತದೆ: ‘ರೂಪಾಯಿಯಲ್ಲೋ, ದಿರ್ಹಮ್‌ನಲ್ಲೋ?’ ರೂಪಾಯಿ ಕಂಡೊಡನೆ ನಮ್ಮದೆಂದು ಒತ್ತಬೇಡಿ. ಆಗ ವಿನಿಮಯ ದರವನ್ನು ನಮ್ಮ ಬ್ಯಾಂಕಲ್ಲ, ಯಂತ್ರದ ಕಡೆಯವರು ನಿರ್ಧರಿಸುತ್ತಾರೆ. ಅದು ಸಾಮಾನ್ಯವಾಗಿ ದುಬಾರಿ. ದುಬೈಯಲ್ಲಿ ದಿರ್ಹಮ್, ಸೌದಿಯಲ್ಲಿ ರಿಯಾಲ್ – ಆಯಾ ದೇಶದ ಹಣವನ್ನೇ ಆರಿಸಿ.

ಕಾರ್ಡ್ ಕಳೆದರೆ ತಕ್ಷಣ ಆ್ಯಪ್‌ನಲ್ಲಿ ಬ್ಲಾಕ್ ಮಾಡಿ. 1800ರಿಂದ ಆರಂಭವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಬ್ಯಾಂಕಿನ +91 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಕಾರ್ಡಿನ ಜೊತೆಯಲ್ಲಲ್ಲ, ಬೇರೆ ಕಡೆ ಇಡಿ. ರಿಸರ್ವ್ ಬ್ಯಾಂಕಿನ 2017ರ ಸೂಚನೆಯಂತೆ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಮ್ಮ ಮೇಲೆ ಬೀಳದು. ಆದರೆ ಪಿನ್ ಅಥವಾ ಒ.ಟಿ.ಪಿ.ಯನ್ನು ನಾವೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ.

ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು ಬಹುಮಟ್ಟಿಗೆ ನೀವೇ. ಹಿರಿಯರು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚಿನ ವಾರವೇ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಸರಿಮಾಡಿಕೊಡಿ. ಪಿನ್ ಮಾತ್ರ ಅವರೇ ಒತ್ತಲಿ. ಅವರು ಮರಳಿ ಬಂದ ದಿನ ವಿದೇಶದ ಬಳಕೆಯನ್ನು ‘ಆಫ್’ ಮಾಡಲು ಮರೆಯಬೇಡಿ.