ಸಿ 2766ರ ರಾತ್ರಿ

ಡಲ್ಲಾಸ್‌ನ ಪಠ್ಯಪುಸ್ತಕ ಗೋದಾಮು. ಆರನೇ ಮಹಡಿಯ ತುಂಬ ರಟ್ಟಿನ ಪೆಟ್ಟಿಗೆಗಳು, ಅವುಗಳ ತುಂಬ ಶಾಲಾ ಮಕ್ಕಳ ಪುಸ್ತಕಗಳು. 1963ರ ನವೆಂಬರ್ 22, ಶುಕ್ರವಾರ. ಕೆಳಗಿನ ರಸ್ತೆಯಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಮೆಟ್ಟಿಲ ಬಳಿಯ ಪೆಟ್ಟಿಗೆಗಳ ಸಂದಿಯಲ್ಲಿ, ಹುಡುಕುತ್ತಿದ್ದವರ ಕಣ್ಣಿಗೆ ಒಂದು ರೈಫಲ್ ಬೀಳುತ್ತದೆ. ಯಾರೂ ಕೈ ಹಾಕುವುದಿಲ್ಲ. ಮೊದಲು ಫೋಟೊ. ಬಳಿಕ ಪೊಲೀಸ್ ಪ್ರಯೋಗಾಲಯದ ಲೆಫ್ಟಿನೆಂಟ್ ಡೇ ಮರದ ಭಾಗವನ್ನಷ್ಟೇ ಹಿಡಿದು ಅದನ್ನು ಎತ್ತುತ್ತಾರೆ.

ಸ್ಥಳದಲ್ಲಿದ್ದ ಅಧಿಕಾರಿಯೊಬ್ಬರು ಒಂದು ನೋಟ ನೋಡಿ ಇದು 7.65ರ ಮಾಸರ್ ಎಂಬ ಜರ್ಮನ್ ರೈಫಲ್ ಅಂದುಕೊಂಡರು. ಮರುದಿನ ಪ್ರಮಾಣಪತ್ರದಲ್ಲೂ ಹಾಗೆಯೇ ಬರೆದುಕೊಟ್ಟರು. ಬಂದೂಕು ಬಲ್ಲವರಿಗೂ ಹೀಗಾಗುತ್ತದೆ. ಬೋಲ್ಟ್ ಎಳೆಯುವ ಹಳೆಯ ಸೇನಾ ರೈಫಲ್‌ಗಳೆಲ್ಲ ಮೇಲ್ನೋಟಕ್ಕೆ ಒಂದೇ ಮನೆಯವು. ಆ ಮಾತು ಮುಂದೆ ಎಷ್ಟು ಅನುಮಾನಗಳಿಗೆ ಗೊಬ್ಬರವಾಯಿತೆಂದರೆ, ಇಂದಿಗೂ ಅದನ್ನೇ ಹಿಡಿದು ವಾದಿಸುವವರಿದ್ದಾರೆ. ಆದರೆ ಉಕ್ಕಿನ ಮೇಲೆ ಒತ್ತಿದ್ದ ಅಕ್ಷರಗಳು ಬೇರೆಯೇ ಹೇಳುತ್ತಿದ್ದವು.

ಒಂದು ಕಿರೀಟ, ಅದು ಇಟಲಿಯ ಅರಸೊತ್ತಿಗೆಯದು. 'ಟೆರ್ನಿ' ಎಂಬ ಹೆಸರು, ಅಲ್ಲಿನ ಸೇನಾ ಕಾರ್ಖಾನೆಯ ಊರು. 'ಕ್ಯಾಲ್ 6.5' ಎಂಬ ಅಳತೆ. '1940' ಎಂಬ ವರ್ಷ. ಜೊತೆಗೆ ಕ್ರಮಸಂಖ್ಯೆ, ಸಿ 2766. ಅಲ್ಲಿಗೆ ಅದರ ಹುಟ್ಟು ತಿಳಿಯಿತು: ಇಟಲಿ ಯುದ್ಧಕ್ಕಿಳಿದ ವರ್ಷ ಟೆರ್ನಿಯಲ್ಲಿ ತಯಾರಾದ ಮಾನ್‌ಲಿಕರ್-ಕಾರ್ಕಾನೊ. ಗುರಿ ಹಿಡಿಯುವ ದುರ್ಬೀನು ಮಾತ್ರ ಆಮೇಲೆ ಕೂಡಿಸಿದ್ದು, ಜಪಾನಿನದು.

ಹುಟ್ಟಿನ ವರ್ಷ ಹೇಳಲು ಕ್ರಮಸಂಖ್ಯೆಯೊಂದೇ ಸಾಲದು. ಜರ್ಮನ್ ಸೇನೆಯ ಲೂಗರ್ ಪಿಸ್ತೂಲಿನ ಎಣಿಕೆ ಪ್ರತಿ ವರ್ಷ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಹತ್ತು ಸಾವಿರ ತುಂಬಿದರೆ ಪಕ್ಕದಲ್ಲಿ ಎ, ಬಿ, ಸಿ ಎಂದು ಅಕ್ಷರ. ಹಾಗಾಗಿ ಒಂದೇ ಸಂಖ್ಯೆ ಹಲವು ವರ್ಷಗಳ ಪಿಸ್ತೂಲುಗಳ ಮೇಲಿರಬಹುದು. ಇಟಲಿಯಲ್ಲಿ ಇನ್ನೊಂದು ತೊಡಕು. ಒಂದೇ ರೈಫಲನ್ನು ಹಲವು ಕಾರ್ಖಾನೆಗಳು ಮಾಡುತ್ತಿದ್ದುದರಿಂದ ಸಂಖ್ಯೆಗಳು ಮರುಕಳಿಸಿದ್ದವು. ಕೆಲವಕ್ಕೆ ಮುಂದೆ ಅಕ್ಷರವಿತ್ತು, ಕೆಲವಕ್ಕಿಲ್ಲ. ಈ ಮಾದರಿಯಲ್ಲಿ ಸಿ 2766 ಇರುವುದು ಇದೊಂದೇ ಎಂದು ಇಟಲಿಯ ಸೇನಾ ಗುಪ್ತಚರ ಇಲಾಖೆ ಮುಂದೆ ತಿಳಿಸಿತು. 'ಸಿ' ಎಂಬ ಆ ಒಂದಕ್ಷರಕ್ಕೆ ಅಷ್ಟು ಬೆಲೆ.

ಇನ್ನು ಇದು ಯಾರ ಕೈಗೆ ಬಂತು ಎಂಬ ಪ್ರಶ್ನೆ. ಉಕ್ಕಿಗೆ ಅದು ಗೊತ್ತಿಲ್ಲ. ಗೊತ್ತಿರುವುದು ಲೆಕ್ಕದ ಪುಸ್ತಕಕ್ಕೆ.

ಅಂದೇ ಸಂಜೆ ತನಿಖೆದಾರರು ಈ ರೈಫಲ್‌ಗಳನ್ನು ತರಿಸುತ್ತಿದ್ದ ಕ್ರೆಸೆಂಟ್ ಫೈರ್‌ಆರ್ಮ್ಸ್‌ನ ಕಡತಗಳಲ್ಲಿ ಸಂಖ್ಯೆಯನ್ನು ಪತ್ತೆ ಮಾಡಿದರು. ಹತ್ತು ಹತ್ತು ರೈಫಲ್‌ಗಳ ಪೆಟ್ಟಿಗೆಗಳಲ್ಲಿ ಇದು ಷಿಕಾಗೊದ ಕ್ಲೈನ್ಸ್ ಅಂಗಡಿಗೆ ಹೋಗಿತ್ತು. ರಾತ್ರಿ ಹತ್ತು ಗಂಟೆ. ಕ್ಲೈನ್ಸ್‌ನವರು ದಾಖಲೆಗಳ ಮುಂದೆ ಕೂತರು. ಇಡೀ ದೇಶ ಟೀವಿ, ರೇಡಿಯೊಗಳ ಮುಂದೆ ಕಣ್ಣೀರಿಡುತ್ತಿದ್ದ ಆ ಹೊತ್ತು, ಇಲ್ಲಿ ಮೈಕ್ರೊಫಿಲ್ಮಿನ ಚೌಕಟ್ಟುಗಳು ಒಂದರ ಹಿಂದೊಂದು ಸರಿಯುತ್ತಿದ್ದವು: ಆರ್ಡರು, ವಿಳಾಸ, ಸಂಖ್ಯೆ; ಆರ್ಡರು, ವಿಳಾಸ, ಸಂಖ್ಯೆ. ಹನ್ನೊಂದಾಯಿತು, ಹನ್ನೆರಡಾಯಿತು, ತಾರೀಕು ಬದಲಾಯಿತು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಸಿಕ್ಕಿತು. ಪತ್ರಿಕೆಯೊಂದರ ಜಾಹೀರಾತಿನಿಂದ ಕತ್ತರಿಸಿದ ಕೂಪನ್. ದುರ್ಬೀನು ಸಹಿತ 19 ಡಾಲರ್ 95 ಸೆಂಟ್, ಅಂಚೆ ವೆಚ್ಚ ಒಂದೂವರೆ ಡಾಲರ್. ಕಳಿಸಿದ್ದು ಆ ವರ್ಷದ ಮಾರ್ಚ್ 20ರಂದು, ಎ. ಹಿಡೆಲ್ ಎಂಬವನಿಗೆ, ಡಲ್ಲಾಸ್‌ನ ಅಂಚೆಪೆಟ್ಟಿಗೆ 2915ಕ್ಕೆ. ಹೆಸರು ಸುಳ್ಳು, ಕೈಬರಹ ಕೆನಡಿ ಹತ್ಯೆಯ ಆರೋಪಿ ಲೀ ಹಾರ್ವಿ ಆಸ್ವಾಲ್ಡ್‌ನದು.

ಆ ಗುಮಾಸ್ತಿಕೆಯ ಬಗ್ಗೆ ನನಗೆ ತುಂಬು ಗೌರವವಿದೆ. ಬಂದ ಪ್ರತಿಯೊಂದು ರೈಫಲ್ಲಿನ ಸಂಖ್ಯೆಯನ್ನು ಯಾರೋ ಬೇಸರಿಸದೆ ಬರೆದಿಟ್ಟಿದ್ದರು. ಅದಕ್ಕೇ ಗುಂಡು ಹಾರಿದ ಹದಿನಾರು ಗಂಟೆಯೊಳಗೆ ಉತ್ತರ ಸಿಕ್ಕಿತು. ಕಾರ್ಖಾನೆಯಲ್ಲಿ ತಯಾರಾಗುವ ಪ್ರತಿ ಬಂದೂಕಿಗೂ ಸಂಖ್ಯೆ ಇರಲೇಬೇಕೆಂದು ಅಮೆರಿಕ ಕಟ್ಟುನಿಟ್ಟು ಮಾಡಿದ್ದು 1968ರಲ್ಲಿ, ಇನ್ನೂ ಐದು ವರ್ಷ ಕಳೆದ ಮೇಲೆ.

ಗಾಂಧೀಜಿಯನ್ನು ಕೊಂದು ನಮ್ಮ ದೇಶದ ಎದೆಗೇ ಗುಂಡಿಟ್ಟ ಪಿಸ್ತೂಲಿಗೂ ಸಂಖ್ಯೆಯಿತ್ತು: 606824. ಅದೂ ಇಟಲಿಯದೇ, ಬೆರೆಟ್ಟಾ 1934 ಮಾದರಿ. ಆ ಮಾದರಿಗೆ ಎರಡು ಪಂಚಾಂಗದ ವರ್ಷ ಹಾಕುತ್ತಿದ್ದರು: ಒಂದು ಕ್ರಿಸ್ತಶಕದ್ದು, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಮುಸೊಲಿನಿ ಆಳ್ವಿಕೆಯದು. ಆ ಎಣಿಕೆ 1922ರ ಅಕ್ಟೋಬರ್ ಕೊನೆಯಿಂದ ಆರಂಭವಾದ್ದರಿಂದ, 1937ರ ಜೊತೆ ಹದಿನೈದರ ಬದಲು ಹದಿನಾರು ಇದ್ದರೆ ವರ್ಷದ ಕೊನೆಯ ಎರಡು ತಿಂಗಳ ಸರಕು ಎಂದು ಹೇಳಬಹುದು. ಅಷ್ಟು ಅಚ್ಚುಕಟ್ಟಾಗಿ ಕಾಲ ಹೇಳುವ ಮಾದರಿ. ಆದರೆ ಹಂತಕ ಗೋಡ್ಸೆಗೆ ಆ ಪಿಸ್ತೂಲು 1948ರ ಜನವರಿಯ ಕೊನೆಯಲ್ಲಿ ಗ್ವಾಲಿಯರ್‌ನಲ್ಲಿ ಸಿಕ್ಕಿದ್ದು ಕೈಯಿಂದ ಕೈಗೆ. ಅಲ್ಲಿ ಕೂಪನ್ನಿಲ್ಲ, ರಸೀದಿಯಿಲ್ಲ. ಪ್ರಕರಣದ ಆ ಭಾಗ ಸಾಕ್ಷಿಗಳ ಬಾಯಿಮಾತು ಮತ್ತು ಒಂದು ತಪ್ಪೊಪ್ಪಿಗೆಯ ಮೇಲೆ ನಿಲ್ಲಬೇಕಾಯಿತು. ಪಿಸ್ತೂಲು ಸಿಗಲು ನೆರವಾದ ಆರೋಪ ಹೊತ್ತಿದ್ದ ದತ್ತಾತ್ರೇಯ ಪರಚುರೆ 1949ರಲ್ಲಿ ಹೈಕೋರ್ಟಿನ ಮೇಲ್ಮನವಿಯಲ್ಲಿ ಬಿಡುಗಡೆಯಾದರು.