ಮಗುವಿನ ಬರ್ತಡೇ: ಹೇಳಿಕೆ ಮತ್ತು ಆಯೇರಿಗೆ ಒಂದೇ ವಹಿ

ಮಗುವಿಗೆ ವರ್ಷ ತುಂಬಲು ಇನ್ನೂ ತಿಂಗಳಿರುವಾಗಲೇ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಯಾರ್ಯಾರಿಗೆ ಹೇಳಬೇಕು, ಯಾರನ್ನು ಬಿಟ್ಟರೆ ಸಿಟ್ಟಾಗುತ್ತಾರೆ, ಬಂದವರು ತರುವ ಐದು ಟೆಡ್ಡಿ ಬೇರ್ ಇಡಲು ಜಾಗ ಎಲ್ಲಿ? ವಿಜಯಪುರ, ಟಿಕೋಟಾ, ಬಬಲೇಶ್ವರ ಕಡೆಯ ಬಹಳಷ್ಟು ಮನೆಗಳಲ್ಲಿ ಇದಕ್ಕೆ ಅರ್ಧ ಉತ್ತರ ಹಿಂದಿನ ಕಾರ್ಯಕ್ರಮದ ಆಯೇರಿ (ಉಡುಗೊರೆ) ವಹಿಯಲ್ಲೇ ಇರುತ್ತದೆ. ಹೇಳಿಕೆಯ ಪಟ್ಟಿ, ಉಡುಗೊರೆಯ ಪಟ್ಟಿ ಎರಡನ್ನೂ ಅದರಲ್ಲೇ ಮುಂದುವರಿಸಿದರೆ ಕೆಲಸ ಹಗುರ.

ಪಟ್ಟಿಯನ್ನು ಊರಿನ ಪ್ರಕಾರ ಬರೆಯಿರಿ

ಮದುವೆ, ಕುಪ್ಪಸ, ತೊಟ್ಟಿಲು, ಜವಳ ಹೀಗೆ ಯಾವ ಕಾರ್ಯವಾದರೂ ಒಬ್ಬ ಹುಡುಗ ಪೆನ್ನು ಹಿಡಿದು ಕೂತು ಹೆಸರು, ಊರು, ಕೊಟ್ಟ ಮುಯ್ಯಿ ಬರೆದುಕೊಂಡಿರುತ್ತಾನೆ. ಆ ಪುಟಗಳಿಂದ ಹೆಸರು ಎತ್ತಿಕೊಳ್ಳಿ. ತಾಯಿ ಕಡೆ, ತಂದೆ ಕಡೆ ಎಂದು ವಿಂಗಡಿಸುವುದಕ್ಕಿಂತ ಊರಿಗೊಂದು ಪುಟ ಮಾಡುವುದು ಒಳ್ಳೆಯದು. ಅಥಣಿ ರಸ್ತೆ ಹಿಡಿದವರು ಒಂದೇ ಸುತ್ತಿನಲ್ಲಿ ಟಿಕೋಟಾ ಮುಗಿಸುತ್ತಾರೆ, ಜಮಖಂಡಿ ರಸ್ತೆ ಹಿಡಿದವರು ಬಬಲೇಶ್ವರ ಮುಗಿಸುತ್ತಾರೆ.

ಪ್ರತಿ ಹೆಸರಿನ ಮುಂದೆ ಐದು ಕಾಲಂ ಸಾಕು: ಹೇಳಿಕೆ ಎಂಥದ್ದು, ಯಾರು ಹೇಳಬೇಕು, ಎಷ್ಟು ಜನ, ಹಿಂದೆ ಅವರು ಏನು ಮಾಡಿದ್ದರು, ಈ ಸಲ ಏನು ಬಂತು. ಒಂದು ಸಾಲು ಹೀಗಿರುತ್ತದೆ: ‘ಟಿಕೋಟಾ ದೊಡ್ಡ ಕಾಕಾ – ಮನಿಮಂದಿ ಎಲ್ಲಾ – ಅಪ್ಪ ಹೋಗಿ ಹೇಳಬೇಕು – 6 – ತೊಟ್ಟಿಲಕ್ಕೆ 501 ರೂ., ಅಂಗಿ’. ಕೊನೆಯ ಕಾಲಂ ಖಾಲಿ ಇರಲಿ. ‘ಮನಿಮಂದಿ ಎಲ್ಲಾ’ ಎಂದು ಹೇಳಿದ್ದೋ ‘ಮನಿಗೊಬ್ಬರು’ ಎಂದು ಹೇಳಿದ್ದೋ ಎಂಬುದನ್ನು ಮರೆಯದೆ ಗುರುತಿಸಿ. ಅಡುಗೆಯವರಿಗೆ ಕೊಡುವ ಲೆಕ್ಕ ನಿಲ್ಲುವುದೇ ಇದರ ಮೇಲೆ. ನಲವತ್ತು ಹೆಸರಿನ ಪಟ್ಟಿ ನಲವತ್ತು ಎಲೆಯೂ ಆಗಬಹುದು, ಇನ್ನೂರು ಎಲೆಯೂ ಆಗಬಹುದು.

ಮಗು ಶಾಲೆಗೆ ಹೋಗುತ್ತಿದ್ದರೆ ಅಲ್ಲಿಯ ಗೆಳೆಯರಿಗೆ ಬೇರೆ ಪುಟ. ತಂದೆ-ತಾಯಿಯ ಫೋನ್ ನಂಬರ್, ಮಗುವನ್ನು ಕರೆದೊಯ್ಯುವವರು ಯಾರು, ಶೇಂಗಾ ಅಥವಾ ಹಾಲು ಆಗಿಬರದ ಮಗುವಿದೆಯೇ ಎಂಬುದನ್ನು ಅದರಲ್ಲಿ ಬರೆದಿಡಿ. ಇಡೀ ತರಗತಿಯನ್ನು ಕರೆಯುವುದಿಲ್ಲವಾದರೆ ತರಗತಿಯಲ್ಲಿ ಕಾರ್ಡ್ ಹಂಚಬೇಡಿ. ಪಾಲಕರಿಗೇ ಫೋನ್ ಮಾಡಿ.

ದಿನ, ಹೊತ್ತು

ಹುಟ್ಟಿದ ದಿನವೇ ಕಾರ್ಯಕ್ರಮ ಆಗಬೇಕೆಂದಿಲ್ಲ. ಎಳ್ಳ ಅಮಾವಾಸ್ಯೆಯಂದು ಹಳ್ಳಿಯ ಮಂದಿ ಚರಗ ಚೆಲ್ಲಲು ಹೊಲದಲ್ಲಿರುತ್ತಾರೆ. ಸಂಕ್ರಮಣಕ್ಕೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಟಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರು ಕಟಾವು ಮತ್ತು ಒಣದ್ರಾಕ್ಷಿ ಶೆಡ್ಡಿನ ಕೆಲಸ ಬಿಟ್ಟು ಬರಲಾರರು. ಇಂಥ ದಿನಗಳಿದ್ದರೆ ಹತ್ತಿರದ ಭಾನುವಾರಕ್ಕೆ ಸರಿಸಿ.

ಹೊತ್ತು ಗೊತ್ತುಮಾಡುವಾಗ ಬಸ್ಸಿನ ನೆನಪಿರಲಿ. ಟಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ನಗರದಿಂದ 20–25 ಕಿ.ಮೀ. ದೂರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತವಾಗಿರುವುದರಿಂದ ಖರ್ಚಿನ ಅಡ್ಡಿಯಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಕೇಕ್ ಕತ್ತರಿಸಿದರೆ ಬಬಲೇಶ್ವರದ ಅತ್ತಿ ಹೇಗೆ ಮನೆ ಮುಟ್ಟಬೇಕು? ಹಳ್ಳಿಯ ನೆಂಟರಿಗೆ ಮಧ್ಯಾಹ್ನದ ಊಟ, ಓಣಿಯ ಮಕ್ಕಳಿಗೆ ಸಂಜೆ ಕೇಕ್ ಮತ್ತು ಚೂಡಾ ಎಂದು ಎರಡು ಭಾಗ ಮಾಡಿದರೆ ಇಬ್ಬರಿಗೂ ಅನುಕೂಲ.

ಹೇಳುವ ಬಗೆ

ಹಿರಿಯರಿಗೆ ಮನೆಗೆ ಹೋಗಿ, ಕುಂಕುಮ ಹಚ್ಚಿ ಹೇಳಬೇಕು. ಬೀಗರಿಗೆ ಮತ್ತು ಸೋದರಮಾವನಿಗೆ ಬರಿಯ ವಾಟ್ಸ್‌ಆ್ಯಪ್ ಚಿತ್ರ ಕಳಿಸಿದರೆ ಹೇಳಿದಂತಾಗದು. ಉಳಿದವರಿಗೆ ಫೋನ್ ಮಾಡಿ, ಬೆನ್ನಿಗೇ ಕಾರ್ಡಿನ ಚಿತ್ರ ಕಳಿಸಿ. ಇದಕ್ಕಾಗಿ ಹೊಸ ಗ್ರೂಪ್ ಮಾಡುವುದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಮೇಲು. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಆಮಂತ್ರಣದ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸಿ ದುಡ್ಡು ದೋಚುವ ವಂಚನೆ ಇರುವುದರಿಂದ ಫೋಟೊ ಅಥವಾ ಪಿಡಿಎಫ್ ರೂಪದಲ್ಲೇ ಕಳಿಸಿ.

ಕಾರ್ಡ್ ಅಚ್ಚು ಹಾಕಿಸುವುದಾದರೆ ಪ್ಲಾಸ್ಟಿಕ್ ಹಾಳೆ ಸುತ್ತಿಸಬೇಡಿ. 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೆ ಸುತ್ತುವ ಹಾಳೆಯೂ ಇದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ-ಲೋಟಗಳೂ ಅದೇ ಪಟ್ಟಿಯಲ್ಲಿವೆ.

ಏನು ತರಬೇಕೆಂದು ಕೇಳಿದರೆ

ಬೇಕಾದ ಉಡುಗೊರೆಗಳ ಪಟ್ಟಿಯನ್ನು ಆಮಂತ್ರಣದ ಜೊತೆಗೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ಕಳಿಸಿದರೆ ಚೆನ್ನಾಗಿಯೂ ಕಾಣದು. ಆದರೆ ಹತ್ತಿರದವರು ಕೇಳಿಯೇ ಕೇಳುತ್ತಾರೆ: “ಅಕ್ಕಾ, ಕೂಸಿಗೆ ಏನ್ ತರೂಣು?” “ಏನೂ ಬ್ಯಾಡ ಬಿಡ್ರಿ, ನೀವು ಬಂದ್ರ ಸಾಕು” ಎನ್ನುವುದು ಮೊದಲ ಉತ್ತರ. ಮತ್ತೊಮ್ಮೆ ಕೇಳಿದರೆ ಮಾತ್ರ ಪಟ್ಟಿ ಹೊರಗೆ ಬರಲಿ. ಈ ಕೆಲಸ ತಾಯಿಗಿಂತ ಮಗುವಿನ ಚಿಕ್ಕಮ್ಮನಿಗೋ ಅಜ್ಜಿಗೋ ಸಲೀಸು. ಫೋನ್ ಬಂದಂತೆಲ್ಲ ಅವರು ಒಂದೊಂದು ಹೆಸರಿಗೆ ಒಂದೊಂದು ವಸ್ತು ಬರೆದುಕೊಳ್ಳುತ್ತಾರೆ.

ಬೆಳ್ಳಿ ಉಡದಾರ, ಕಾಲ್ಗಡಗದಂಥವು ತವರಿನವರಿಗೆ ಬಿಟ್ಟದ್ದು. ಅದನ್ನು ಮತ್ತೊಬ್ಬರಿಗೆ ಹೇಳಬಾರದು. ಬಟ್ಟೆಗೆ ಅಳತೆ ಹೇಳುವಾಗ ಒಂದು ವರ್ಷ ಮುಂದಿನದನ್ನೇ ಹೇಳಿ. ಗೆಳೆಯರು ನಾಲ್ವರು ಕೂಡಿ ಒಂದು ಸಣ್ಣ ಸೈಕಲ್ ತಂದರೆ ನಾಲ್ಕು ಗೊಂಬೆಗಿಂತ ಉಪಯೋಗ. ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಮೂರು ವರ್ಷದೊಳಗಿನ ಮಗುವಿಗೆ ಬಾಯಲ್ಲಿ ಹೋಗುವಂಥ ಚಿಕ್ಕ ಭಾಗ, ಗುಂಡಿ ಬ್ಯಾಟರಿ ಇರುವ ಆಟಿಕೆ ಕೊಡಬಾರದು.

ಏನೂ ಬೇಡವೆಂದೇ ಮನಸ್ಸಿನಲ್ಲಿದ್ದರೆ ಆಮಂತ್ರಣದಲ್ಲಿ ‘ಆಯೇರಿ ತರಬಾರದಾಗಿ ವಿನಂತಿ’ ಎಂದು ಬರೆದು ಅದಕ್ಕೇ ನಿಲ್ಲಿ. ಹಾಗೆ ಬರೆದೂ ಬಾಗಿಲಲ್ಲಿ ವಹಿ ಇಟ್ಟುಕೊಂಡು ಕೂತರೆ ಬರಿಗೈಯಲ್ಲಿ ಬಂದವರಿಗೆ ಮುಜುಗರ.

ಬಂದದ್ದನ್ನು ಬರೆಯುವುದು

ವಸ್ತು ಸ್ವೀಕರಿಸಿದ ಕೂಡಲೇ ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಅಂಕಿ ಹಾಕಿ, ಅದೇ ಅಂಕಿಯನ್ನು ವಹಿಯಲ್ಲಿ ಹೆಸರಿನ ಮುಂದೆ ಬರೆಯಿರಿ. ರಾತ್ರಿ ಮಕ್ಕಳು ಹೊದಿಕೆಯ ಕಾಗದ ಹರಿದು ಹಾಕಿದ ಮೇಲೂ ಯಾವುದು ಯಾರದ್ದೆಂದು ತಿಳಿಯುತ್ತದೆ. ಪಾಕೀಟನ್ನು ಎಲ್ಲರೆದುರು ಒಡೆಯದೆ, ಮಂದಿ ಹೋದ ಮೇಲೆ ಇಬ್ಬರು ಕೂತು ಎಣಿಸಿ ಬರೆಯಲಿ.

ರೊಕ್ಕ ಮನೆಖರ್ಚಿನಲ್ಲಿ ಕರಗದಂತೆ ಆ ವಾರವೇ ಮಗುವಿನ ಹೆಸರಿಗೆ ಹಾಕಿ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂ., ಗರಿಷ್ಠ 1.5 ಲಕ್ಷ ರೂ. ಗಂಡುಮಗುವಿಗೆ ಆರ್.ಡಿ. ಇದೆ. ದೊಡ್ಡ ಮೊತ್ತ ಬರುವ ಮನೆಯವರು ಒಂದು ಮಾತು ತಿಳಿದಿರಬೇಕು: ಮದುವೆಯ ಉಡುಗೊರೆಗೆ ಆದಾಯ ತೆರಿಗೆಯಲ್ಲಿರುವ ವಿನಾಯಿತಿ ಹುಟ್ಟುಹಬ್ಬಕ್ಕಿಲ್ಲ. ಅಜ್ಜ-ಅಜ್ಜಿ, ಸೋದರಮಾವ, ಕಾಕಾ, ಅತ್ತಿಯಂಥ ಹತ್ತಿರದ ಸಂಬಂಧಿಕರು ಕೊಟ್ಟದ್ದಕ್ಕೆ ತೆರಿಗೆಯಿಲ್ಲ. ಉಳಿದವರಿಂದ ಆರ್ಥಿಕ ವರ್ಷದಲ್ಲಿ ಬಂದ ರೊಕ್ಕ ಒಟ್ಟು 50,000 ರೂ. ದಾಟಿದರೆ ಪೂರ್ತಿ ಮೊತ್ತ ತೆರಿಗೆಗೆ ಒಳಪಡುತ್ತದೆ.

ಮರಳಿ ಕೊಡುವುದನ್ನೂ ಅದೇ ಪಟ್ಟಿಯಿಂದ ಎಣಿಸಿ: ಹೆಣ್ಣುಮಕ್ಕಳಿಗೆ ಖಣ, ಹಿರಿಯರಿಗೆ ಟವೆಲ್-ಟೊಪ್ಪಿಗಿ, ಮಕ್ಕಳಿಗೆ ಪ್ಲಾಸ್ಟಿಕ್ ಆಟಿಕೆಯ ಬದಲು ಟಿಕೋಟಾದ ಒಣದ್ರಾಕ್ಷಿಯ ಪೊಟ್ಟಣ. ಬಾರದವರಿಗೆ ಮರುವಾರ ಫೋನ್ ಮಾಡಿ, ಬರಲಾಗದ ಕಾರಣವನ್ನೂ ಅವರ ಹೆಸರಿನ ಮುಂದೆ ಒಂದು ಮಾತಿನಲ್ಲಿ ಬರೆದಿಡಿ. ಅವರ ಮನೆಯ ಜವಳಕ್ಕೆ ಹೋಗುವಾಗ ಎಷ್ಟು ಮುಯ್ಯಿ ಮಾಡಬೇಕು ಎಂಬುದರ ಜೊತೆಗೆ, ಅಂದು ಅವರ ಮನೆಯಲ್ಲಿ ಯಾರಿಗೆ ಆರಾಮಿರಲಿಲ್ಲ ಎಂಬುದೂ ನೆನಪಿರಬೇಕಲ್ಲ.